ಹೆತ್ತೆಯ ಕೈ ತಾಗುವ ಮುನ್ನ

ಮದುವೆಯಾಗಿ ಒಂದೂವರೆ ವರ್ಷದ ಮೇಲೆ ಲಿಂಗಿ ಮೊದಲ ಸಲ ತವರಿಗೆ ಬಂದಳು. ಕೋತಗಿರಿ ಕಡೆಯ ಆ ಹಟ್ಟಿಯ ಸಾಲುಮನೆಗಳನ್ನು ಮಂಜು ನುಂಗಿಬಿಟ್ಟಿತ್ತು. ಅವಳಿಗಂತೂ ಈಗೀಗ ಎಲ್ಲವೂ ಮಂಜಿನೊಳಗೇ ನಡೆಯುತ್ತಿತ್ತು. ತಾನು ಸಾಮೆ ಕುಟ್ಟುವುದು, ನೀರು ಹೊರುವುದು ಕೂಡ ಬೇರೆ ಯಾರೋ ಕಂಡ ಕನಸು ಅನ್ನಿಸುತ್ತಿತ್ತು. ಗಂಡ ಜೋಗಿಯ ಮನೆಯ ಹೊಸ್ತಿಲಿಗೆ ಇವಳೊಬ್ಬಳ ಮೇಲೇ ಅದೇನು ಹಗೆಯೋ! ವಾರಕ್ಕೊಮ್ಮೆ ಎಡವಿ ಬೀಳುವಳಂತೆ, ಮೈ ನೀಲಿಗಟ್ಟುವುದಂತೆ. ಕೇಳಿದವರಿಗೆಲ್ಲ ಹಾಗೆ ಹೇಳಿ ಹೇಳಿ, ತಾನು ಮಂಕುದಿಣ್ಣೆ, ಇದೆಲ್ಲ ತನ್ನದೇ ತಪ್ಪು ಎಂದು ಅವಳೂ ನಂಬಿದ್ದಳು.

ಬಾಗಿಲಲ್ಲಿ ಹೆತ್ತೆ, ಅಂದರೆ ಅವಳ ಅಪ್ಪನ ತಾಯಿ, ಕಂಬಳಿ ಹೊದ್ದು ಕೂತಿದ್ದಳು. ಹಿರಿಯರ ಎದುರು ಕಿರಿಯರು ತಲೆ ಬಾಗುವುದು, ಹಿರಿಯರು ನೆತ್ತಿ ಮುಟ್ಟಿ ಹರಸುವುದು ಆ ಹಟ್ಟಿಯವರ ಪದ್ಧತಿ. ಲಿಂಗಿ ಬಾಗಿದಳು. ಹೆತ್ತೆ ಕೈ ಎತ್ತಿದಳು. ಅಷ್ಟಕ್ಕೇ ಲಿಂಗಿಯ ತಲೆ ಸರಕ್ಕನೆ ಪಕ್ಕಕ್ಕೆ ಸರಿಯಿತು, ಎರಡೂ ಮೊಣಕೈ ಮುಖಕ್ಕೆ ಅಡ್ಡ ಬಂದವು. ಮುದುಕಿಯ ಕೈ ಗಾಳಿಯಲ್ಲೇ ನಿಂತಿತು.

"ಏಕ ಮಗಾ?"

"ಏನಿಲ್ಲೆ ಹೆತ್ತೆ. ನಾ ಹೊಸ್ತಿಲು ಎಡವಿ ಬಿದ್ದೆ."

ಬಿದ್ದೆಯಾ ಎಂದು ಯಾರೂ ಕೇಳಿರಲಿಲ್ಲ.

"ಹರಸುವ ಕೈಗೂ ಹೊಡೆವ ಕೈಗೂ ಈ ತಲೆಗೆ ಭೇದ ಗೊತ್ತಿಲ್ಲೆ," ಎಂದಳು ಹೆತ್ತೆ ಮೆಲ್ಲಗೆ. "ಇದ ಹೊಸ್ತಿಲು ಕಲಿಸಿತಾ?"

ಹೊಸ್ತಿಲಿಗೆಲ್ಲಿದೆ ಕೈ! ನಿದ್ದೆಯಲ್ಲಿ ಕೂಗಿ ತನ್ನ ಕೂಗಿಗೆ ತಾನೇ ಎಚ್ಚೆತ್ತವಳಂತೆ ಲಿಂಗಿ ತನ್ನ ದನಿ ಕೇಳಿಸಿಕೊಂಡಳು. "ಅವ ಹೊಡೆವ, ಹೆತ್ತೆ." ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಹೆತ್ತೆ ಕಂಬಳಿಯ ಅರ್ಧವನ್ನು ಅವಳಿಗೂ ಹೊದಿಸಿದಳು.

ಮೂರನೆಯ ದಿನ ಜೋಗಿ ಕರೆದೊಯ್ಯಲು ಬಂದ. ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಹೆತ್ತೆ ಬಗ್ಗಲಿಲ್ಲ, ಊರಗೌಡನಿಗೆ ಹೇಳಿ ಕೂಟ ಸೇರಿಸಿದಳು. ಹಿರಿಯರು ಹುಲ್ಲಿನ ಮೇಲೆ ಸುತ್ತಲೂ ಕೂತರು.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ," ಎಂದು ಜೋಗಿ ನಕ್ಕ. ಇಬ್ಬರು ಮುದುಕರು ತಲೆಯಾಡಿಸಿಯೂಬಿಟ್ಟರು. ಲಿಂಗಿ ಅದನ್ನು ಕಂಡಳು. ಇವರು ಹೋಗು ಎಂದರೆ ಇಂದು ಕತ್ತಲಾಗುವುದರೊಳಗೆ ಅದೇ ಮನೆ, ಅದೇ ಕೈ.

"ನೀ ಏನ ಹೇಳುವೆ?" ಗೌಡ ಅವಳನ್ನು ಕೇಳಿದ.

ಬಿದ್ದೆ ಎನ್ನುವ ಹಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಉಂಡು ಮಲಗಿದ ಮೇಲೂ ಹೊಡೆವ. ನಾ ಅಲ್ಲಿಗ ಹೋಗೆ."

ತಲೆಯಾಡಿಸಿದ ಮುದುಕರು ನೆಲ ನೋಡಿದರು. "ಹೆಣ್ಣು ಒಲ್ಲೆ ಎಂದ ಮೇಲೆ ಮುಗಿದತು," ಎಂದ ಗೌಡ. "ತವರ ಬಾಗಿಲ ಮುಚ್ಚುವ ವಾಡಿಕೆ ಈ ಹಟ್ಟಿಲಿ ಇಲ್ಲೆ." ಜೋಗಿ ಪೆಚ್ಚು ಮೋರೆ ಹಾಕಿಕೊಂಡು ಬಂದ ದಾರಿ ಹಿಡಿದ.

ಆ ಮಧ್ಯಾಹ್ನ ಲಿಂಗಿ ಸ್ವಲ್ಪ ಒರಗಿದವಳು ನಿದ್ದೆ ಹೋದಳು. ಕಣ್ಣು ಬಿಟ್ಟಾಗ ಹೊತ್ತು ಮುಳುಗಿತ್ತು, ಒಲೆಯನ್ನು ಹೆತ್ತೆಯೇ ಹೊತ್ತಿಸಿದ್ದಳು. ಲಿಂಗಿ ಧಡಕ್ಕನೆ ಎದ್ದು ಕೂತಳು.

"ತಪ್ಪಾತು ಹೆತ್ತೆ, ನಾ ಮಲಗಿಬುಟ್ಟೆ!"

"ನಿದ್ದೆ ಬಂದತು, ಮಲಗಿದೆ. ಅದರಲಿ ತಪ್ಪೇನು ಮಗಾ?"

ಲಿಂಗಿ ಬಹಳ ಹೊತ್ತು ಹುಡುಕಿದಳು. ತಪ್ಪು ಸಿಗಲಿಲ್ಲ. ಮತ್ತೆ ಮಲಗಿಕೊಂಡಳು.