ಚಿಕ್ಕಮ್ಮ ಗೆದ್ದ ಕೇಸು

ಕಾನೂನು ಕಾಲೇಜಿನ ಪುಸ್ತಕದಲ್ಲಿ ನನ್ನ ಚಿಕ್ಕಮ್ಮನನ್ನು ಪರಿಸರ ಹೋರಾಟಗಾರ್ತಿ ಎಂದು ಬರೆದಿದ್ದಾರೆ. ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆಕೆ ಒಂದು ಗಿಡಕ್ಕೆ ಚೊಂಬು ನೀರು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಆಕೆಗಿದ್ದದ್ದು ನದಿ ಪಕ್ಕದಲ್ಲೊಂದು ಲಾಂಡ್ರಿ, ಮೂಗಿನ ತುದಿಯಲ್ಲಿ ಸಿಟ್ಟು, ಅಷ್ಟೇ.

ಮೇಲುಗಡೆಯ ಬಣ್ಣದ ಕಾರ್ಖಾನೆ ನದಿಗೆ ಕೊಳಕು ಬಿಟ್ಟು, ಅದೇ ನೀರಲ್ಲಿ ಒಗೆದ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳೆಲ್ಲ ಗುಲಾಬಿಯಾದಾಗ ಚಿಕ್ಕಮ್ಮ ಕೋರ್ಟಿಗೆ ಹೋದಳು. ನದಿಯೇನು ನಿಮ್ಮಪ್ಪನದಾ, ದಂಡೆಯಲ್ಲಿ ಅಂಗೈಯಗಲ ಜಾಗವಾದರೂ ನಿಮ್ಮ ಹೆಸರಲ್ಲಿದೆಯಾ ಎಂದು ಕಾರ್ಖಾನೆಯ ವಕೀಲರು ಕೇಳಿದರು. ನೀರು ಸ್ವಚ್ಛವಾಗಿದೆ ಎಂದು ಗಂಟಲು ಹರಿದುಕೊಂಡರು. ಪಾಪ, ಅವರ ಕೊರಳಿನ ಬಿಳಿ ಪಟ್ಟಿ ಒಗೆಯುತ್ತಿದ್ದದ್ದು ನಮ್ಮ ಲಾಂಡ್ರಿಯಲ್ಲೇ. ಅದೂ ಗುಲಾಬಿ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು.

ನೀರು ಬಳಸುವವರು ಯಾರು ಬೇಕಾದರೂ ದಾವೆ ಹೂಡಬಹುದು, ಕೆಡಿಸಿಲ್ಲವೆಂದು ಸಾಬೀತು ಮಾಡಬೇಕಾದವನು ನದಿಗೆ ಕೊಳಕು ಬಿಡುವವನೇ ಎಂದು ತೀರ್ಪಾಯಿತು. ಕಾರ್ಖಾನೆಯ ಕೊಳವೆ ಮುಚ್ಚಿತು. ಆಮೇಲೆ ಎಲ್ಲೆಲ್ಲಿಯೋ ಕೆರೆ, ಕಾಡು ಉಳಿಸಲು ಹೊರಟವರೆಲ್ಲ ಈ ತೀರ್ಪನ್ನೇ ಹಿಡಿದು ಗೆದ್ದರು. ಚಿಕ್ಕಮ್ಮನ ಜಂಬ ನೋಡಬೇಕಿತ್ತು.

ಒಂಬತ್ತು ವರ್ಷದ ಮೇಲೆ ಆಕೆಗೇ ನೋಟಿಸು ಬಂತು. ಲಾಂಡ್ರಿಯ ಸೋಪಿನ ನೀರಿಗೆ ಮೀನು ಸಾಯುತ್ತಿವೆ ಎಂದು ಕೆಳಗಡೆ ಬಲೆ ಹಾಕುವವನೊಬ್ಬ ದಾವೆ ಹೂಡಿದ್ದ. ಆಧಾರ ಚಿಕ್ಕಮ್ಮನದೇ ಕೇಸು. ಮಾಡಿದ್ದುಣ್ಣೋ ಮಹಾರಾಯ ಎಂದೆ. ಒದ್ದೆ ಟವೆಲ್ಲಿನ ಏಟು ಬಿತ್ತು.

ಇರುವುದೊಂದೇ ದಾರಿ ಎಂದರು ನಮ್ಮ ವಕೀಲರು. ಹಳೆಯ ತೀರ್ಪೇ ತಪ್ಪೆಂದು ವಾದಿಸಬೇಕು. ಅದು ಬಿದ್ದರೆ ಲಾಂಡ್ರಿ ಉಳಿಯುತ್ತದೆ, ಕಾರ್ಖಾನೆಯ ಕೊಳವೆಯೂ ತೆರೆಯುತ್ತದೆ. ಇಲ್ಲವಾದರೆ ಅಂಗಡಿ ಮುಚ್ಚಬೇಕು. ನೀರು ಶುದ್ಧಿ ಮಾಡುವ ಯಂತ್ರ ತರುವಷ್ಟು ಗತಿವಂತರಲ್ಲ ನಾವು.

ಮೂರು ದಿನ ಚಿಕ್ಕಮ್ಮ ವಕೀಲರನ್ನು, ಬಲೆಯವನನ್ನು, ನನ್ನನ್ನು, ಕೊನೆಗೆ ಮೀನುಗಳನ್ನೂ ಬೈದಳು. ನಾನು, ಊರ ಉಸಾಬರಿ ನಿನಗ್ಯಾಕೆ, ವಕೀಲರು ಹೇಳಿದ ಕಡೆ ಸಹಿ ಹಾಕು ಎಂದು ಕಾಲು ಹಿಡಿದೆ.

ಕೋರ್ಟಿನಲ್ಲಿ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಚಿಕ್ಕಮ್ಮನನ್ನು ಕೇಳಿದರು.

“ನೀರು ಕೆಡಿಸಿದ್ದು ನಾನೇ ಸ್ವಾಮಿ,” ಎಂದಳು. “ಅಂಗಡಿ ಮುಚ್ತೀನಿ. ಆ ಹಳೇ ತೀರ್ಪಿನ ತಂಟೆಗೆ ಮಾತ್ರ ಯಾರೂ ಹೋಗ್ಬಾರ್ದು.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಬಲೆಯವನು ಮೆಲ್ಲಗೆ ಹತ್ತಿರ ಬಂದು, ತಪ್ಪು ತಿಳಿಯಬೇಡಿ ಅಕ್ಕಾ ಎಂದ.

ಚಿಕ್ಕಮ್ಮ ಮೂಗು ಒರೆಸಿಕೊಂಡಳು. “ಗೆದ್ದಿದ್ದೀಯಲ್ಲಪ್ಪಾ. ಇನ್ಮೇಲೆ ಆ ಕಾರ್ಖಾನೆ ಕೊಳವೆ ಕಾಯೋನು ನೀನೇ.”