ಕೇರಂ ಹಲಗೆಯ ಮೇಲೊಂದು ಬೇವಿನ ಗಿಡ

ನಾನು ಒಂದು ಕೇರಂ ಬೋರ್ಡು. ಈಗ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಮೈತುಂಬ ಪುಟ್ಟ ರೈಲು ಹಳಿ, ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದ ಸ್ಟೇಷನ್ನು, ಇನ್ನೊಂದು ಕಡೆ ಬೇವಿನ ಗಿಡ. ಇಷ್ಟೆಲ್ಲ ಹೊತ್ತುಕೊಂಡು ಕೇರಂ ಬೋರ್ಡು ಅಂದರೆ ಯಾರು ತಾನೇ ಹೌದೆಂದಾರು? ಆದರೆ ಹುಟ್ಟಿದ್ದು ಹಾಗೆಯೇ. ಹಳೇ ಹುಬ್ಬಳ್ಳಿಯ ಒಬ್ಬ ಬಡಿಗ ನನಗೆ ಪ್ಲೈವುಡ್ಡಿನ ಮೈ ಕೊಟ್ಟ, ಜಾಲಿ ಕಟ್ಟಿಗೆಯ ಚೌಕಟ್ಟು ಹಾಕಿದ. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ, ಕೊನೆಗೆ ಅಂಗೈ ಸವರಿ, "ಇದರ ಮ್ಯಾಲ ಇರುವಿ ಸೈತ ಜಾರಿ ಬೀಳಬೇಕು ನೋಡು" ಎಂದ. ಅಂದು ತಲೆಗೇರಿದ ಸೊಕ್ಕು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅಲ್ಲಿಂದ ನಾನು ರೈಲ್ವೆ ಕಾಲೊನಿಯ ಕ್ಲಬ್ಬಿಗೆ ಹೋದೆ. ಡ್ಯೂಟಿ ಮುಗಿಸಿ ಬಂದ ಡ್ರೈವರುಗಳು, ಗಾರ್ಡುಗಳು ನನ್ನ ಸುತ್ತ ಕೂತು ಆಡುತ್ತಿದ್ದರು. ನಾನು ಮನುಷ್ಯರನ್ನು ಕೆಳಗಿನಿಂದ ನೋಡಿದ್ದೇ ಹೆಚ್ಚು. ಗದ್ದ, ಮೂಗಿನ ಹೊಳ್ಳೆ, ಎಲೆ ಅಡಿಕೆ ತುಂಬಿದ ಬಾಯಿ ನನಗೆ ಚೆನ್ನಾಗಿ ಗೊತ್ತು. ಅವರಲ್ಲಿ ದ್ಯಾಮಣ್ಣ ಎಂಬ ಚಿಗುರುಮೀಸೆಯ ಅಸಿಸ್ಟಂಟ್ ಡ್ರೈವರ್ ಒಬ್ಬನಿದ್ದ. ಕೆಂಪು ಕಾಯಿಗೆ ಗುರಿ ಇಡುವಾಗ "ಕೆಂಪು!" ಎಂದು ಕೂಗಿಯೇ ಹೊಡೆಯುತ್ತಿದ್ದ. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅದು ಎಂಜಿನ್ನಿನಲ್ಲಿ ಕಲಿತ ಚಾಳಿ. ಅಲ್ಲಿ ಸಿಗ್ನಲ್ ಬಂದಾಗ ಒಬ್ಬ ಅದರ ಬಣ್ಣ ನೋಡಿ ಕೂಗಬೇಕು, ಇನ್ನೊಬ್ಬ ತಾನೂ ಕಣ್ಣಾರೆ ನೋಡಿ ಅದನ್ನೇ ತಿರುಗಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಕಾಯಲಿ ಎಂದು ಹಿರಿಯರು ಮಾಡಿಟ್ಟ ಪದ್ಧತಿ ಅದು.

ವರ್ಷಗಳು ಉರುಳಿದವು. ಕ್ಲಬ್ಬಿನ ಮಾಡು ಸೋರಿ ನನ್ನ ಮೈ ಉಬ್ಬಿತು, ಸ್ಟ್ರೈಕರ್ ಹೋಗಬೇಕಾದ ಕಡೆ ಹೋಗದಾಯಿತು. ಆಟಗಾರರು ತಮ್ಮ ಸೋಲನ್ನೆಲ್ಲ ನನ್ನ ತಲೆಗೆ ಕಟ್ಟಿ, ಹಿತ್ತಲಿಗೆ ಎಸೆದರು. ಕಾವಲುಗಾರನ ಹೆಂಡತಿ ನನ್ನ ಮೇಲೆ ಸಂಡಿಗೆ ಒಣಗಿಸಿದಳು. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ, ಎಂದು ಮನಸ್ಸಿನಲ್ಲೇ ಬೈದುಕೊಂಡು ಬಿದ್ದಿದ್ದೆ.

ಒಂದು ಮಧ್ಯಾಹ್ನ ದ್ಯಾಮಣ್ಣ ಬಂದು ನನ್ನನ್ನು ಎತ್ತಿಕೊಂಡ. ಈಗ ಅವನು ಪ್ಯಾಸೆಂಜರ್ ಗಾಡಿಯ ಡ್ರೈವರು, ಮೀಸೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಯಾಕೆ ಒಯ್ದನೆಂದು ಅವನ ಮನೆಗೆ ಹೋದ ಮೇಲೆ ತಿಳಿಯಿತು. ಕರೆಗಲ್ಲ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಅವನ ಗಾಡಿ ಕೆಂಪು ಸಿಗ್ನಲ್ ದಾಟಿಬಿಟ್ಟಿತ್ತು. ಎದುರಿಗೆ ಗೂಡ್ಸ್ ಗಾಡಿ ನಿಂತಿತ್ತು. ಅದು ಇನ್ನೂ ಕೂಗಳತೆಯಲ್ಲಿರುವಾಗ ಬ್ರೇಕು ಹಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ದ್ಯಾಮಣ್ಣನನ್ನೂ ಅವನ ಅಸಿಸ್ಟಂಟ್ ಯಮನೂರನನ್ನೂ ಕೆಲಸದಿಂದ ಕೆಳಗಿಳಿಸಿ, ವಿಚಾರಣೆ ಇಟ್ಟಿದ್ದರು.

ದ್ಯಾಮಣ್ಣ ಹೇಳುವುದು ಇಷ್ಟು: ಅಲ್ಲಿ ಹಳಿ ಬಲಕ್ಕೆ ಹೊರಳುತ್ತದೆ, ಬೇವಿನ ಗಿಡ ಅಡ್ಡ ಇತ್ತು, ತನ್ನ ಕಿಟಕಿಗೆ ಸಿಗ್ನಲ್ ಕಾಣಲೇ ಇಲ್ಲ. ಕಾಣುತ್ತಿದ್ದುದು ಯಮನೂರನಿಗೆ. ಅವನು ಹಸಿರು ಅಂದ, ತಾನು ನಂಬಿದೆ. ಇದು ನಿಜವಾದರೆ ದ್ಯಾಮಣ್ಣ ಮತ್ತೆ ಎಂಜಿನ್ ಹತ್ತುತ್ತಾನೆ, ಯಮನೂರನ ನೌಕರಿ ಹೋಗುತ್ತದೆ. ನಿಜವೋ ಸುಳ್ಳೋ ನೋಡೋಣವೆಂದರೆ ಗಿಡವೇ ಇಲ್ಲ. ಗಾಡಿ ಸಿಗ್ನಲ್ ದಾಟಿದ ಗಡಿಬಿಡಿಯಲ್ಲಿ ರೈಲ್ವೆಯವರು ಹಳಿಯ ಬದಿಯ ಗಿಡಗಳನ್ನೆಲ್ಲ ಬೇರುಸಮೇತ ತೆಗೆದು ಖಡಿಕಲ್ಲು ಹರಡಿದ್ದರು. ಹೀಗಾಗಿ ಕರೆಗಲ್ಲವನ್ನು ಸಣ್ಣದಾಗಿ ಕಟ್ಟಿ ಸಾಹೇಬರಿಗೆ ತೋರಿಸುತ್ತೇನೆಂದು ದ್ಯಾಮಣ್ಣ ಅಪ್ಪಣೆ ಪಡೆದು ಬಂದಿದ್ದ. ಕಟ್ಟುವ ನೆಲ ನಾನು.

ದ್ಯಾಮಣ್ಣನ ಕ್ವಾರ್ಟರ್ಸ್ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಅರ್ಧವನ್ನು ಹೆಂಡತಿ ಕಸ್ತೂರಿಯ ಹೊಲಿಗೆ ಮಷಿನ್ನು ನುಂಗಿತ್ತು. ಉಳಿದರ್ಧದಲ್ಲಿ ಹಿಟ್ಟಿನ ಡಬ್ಬಿ, ಸ್ಟೂಲುಗಳ ಮೇಲೆ ನನ್ನನ್ನು ಕೂಡಿಸಿದರು. ರೊಟ್ಟಿಗೆ ಹಿಟ್ಟು ಬೇಕಾದಾಗಲೆಲ್ಲ ಇಡೀ ಕರೆಗಲ್ಲವನ್ನು ಎತ್ತಿ ಮಂಚದ ಮೇಲೆ ಇಡಬೇಕಾಗುತ್ತಿತ್ತು. ದ್ಯಾಮಣ್ಣ ಹಳೇ ಸಾಮಾನಿನ ಸಂತೆಯಿಂದ ಬೆರಳುದ್ದದ ಎಂಜಿನ್ನು, ಗಾಡಿಯ ಡಬ್ಬಿಗಳು, ಹಳಿ ತಂದ. ಹಳಿಯ ಸುತ್ತು ನನ್ನ ಮೈಗಿಂತ ಹೆಬ್ಬೆರಳಿನಷ್ಟು ದೊಡ್ಡದಾಯಿತು. ಅವನು ಗರಗಸ ತಂದು ನನ್ನ ಚೌಕಟ್ಟಿನ ಒಂದು ಬದಿಯನ್ನೇ ಕೊಯ್ದ. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ? ಆದರೆ ಅವನ ಮುಖ ನೋಡಿ ಸುಮ್ಮನಾದೆ. ಕಾಯಿ ಬೀಳುವ ನನ್ನ ತೂತುಗಳಲ್ಲಿ ವೈರು ಇಳಿದವು. ಕಸ್ತೂರಿ ಹಸಿರು ಬ್ಲೌಸ್ ಪೀಸಿನ ಚೂರುಗಳನ್ನು ಹುಲ್ಲಾಗಿ ಅಂಟಿಸಿದಳು. ಕಡ್ಡಿಗೆ ಹಸಿರು ದಾರ ಸುತ್ತಿ ಬೇವಿನ ಗಿಡ ಮಾಡಿದಳು. ದ್ಯಾಮಣ್ಣ ದಬ್ಬಣ ಕಾಯಿಸಿ, ಬೇಲಿಯ ಪಕ್ಕ ತೂತು ಹೊಡೆದು ಗಿಡ ನೆಟ್ಟ.

ಆಮೇಲೆ ಬಗ್ಗಿ, ಎಂಜಿನ್ನಿನ ಮಟ್ಟಕ್ಕೆ ಕಣ್ಣು ತಂದು ನೋಡಿದ. ಬಹಳ ಹೊತ್ತು ನೋಡಿದ. ಸಿಗ್ನಲ್ಲಿನ ಪುಟ್ಟ ಬಲ್ಬು ಸ್ಪಷ್ಟವಾಗಿ ಕಾಣುತ್ತಿತ್ತು. ಕಸ್ತೂರಿ ನೀರು ತರಲು ಹೊರಗೆ ಹೋಗಿದ್ದಳು. ದ್ಯಾಮಣ್ಣ ಗಿಡ ಕಿತ್ತ, ದಬ್ಬಣವನ್ನು ಮತ್ತೆ ಕಾಯಿಸಿದ, ಹಳಿಯ ಹತ್ತಿರ ಇನ್ನೊಂದು ತೂತು ಹೊಡೆದ. ಗಿಡ ಅಲ್ಲಿಗೆ ಬಂತು. ಈಗ ಬಲ್ಬು ಕಾಣಲಿಲ್ಲ. ಮೊದಲ ತೂತಿನ ಮೇಲೆ ಹಸಿರು ಬಟ್ಟೆಯ ಚೂರು ಅಂಟಿಸಿದ. ಎರಡನೆಯ ಬರೆ ಮೊದಲನೆಯದಕ್ಕಿಂತ ಹೆಚ್ಚು ಸುಟ್ಟಿತು. ಅವನ ಗುಟ್ಟು ನನ್ನ ಮೈಯಲ್ಲಿತ್ತು, ಹೇಳೋಣವೆಂದರೆ ಹಲಗೆಗೆ ಬಾಯಿ ಎಲ್ಲಿಂದ ಬರಬೇಕು?

ವಿಚಾರಣೆ ನಾಡಿದ್ದು ಎನ್ನುವಾಗ ಯಮನೂರ ಬಂದ. ಎಳೆಯ ವಯಸ್ಸು, ನಿದ್ದೆಯಿಲ್ಲದ ಕಣ್ಣು.

"ವೈನಿ, ಅಣ್ಣಾರ ಅದಾರೇನ್ರಿ?" ಎಂದು ಬಾಗಿಲಲ್ಲೇ ಕಸ್ತೂರಿಯನ್ನು ಕೇಳಿದ.

ಕೋಣೆಯಲ್ಲಿ ಕೂರಲು ಬೇರೆ ಜಾಗವಿಲ್ಲದೆ ನನಗೆ ಮೊಣಕಾಲು ತಾಗಿಸಿ ಕೂತ. ಕಸ್ತೂರಿ ಚಹಾ ಕೊಟ್ಟಳು. ಅವನ ಕಣ್ಣು ಹಳಿಯ ಗುಂಟ ಹೋಗಿ, ತಿರುವು ದಾಟಿ, ಗಿಡದ ಹತ್ತಿರ ನಿಂತಿತು.

"ಅಣ್ಣಾರ, ಬ್ಯಾವಿನ ಗಿಡ ಇಷ್ಟ ಸಮೀಪ ಇರಲಿಲ್ರಿ. ಬೇಲಿ ಕಡೆ ಇತ್ತು."

"ಸಣ್ಣ ಹಲಗಿ ತಮ್ಮಾ. ಜಾಗ ಎಲ್ಲೈತಿ? ಎಲ್ಲಾ ಒತ್ತಿ ಒತ್ತಿ ಇಡಬೇಕಾಕ್ಕೈತಿ."

"ಒತ್ತೂದಿದ್ರ ಎಲ್ಲಾ ಒತ್ತಬೇಕಲ್ರಿ. ಗಿಡಾ ಒಂದ ಯಾಕ ಒತ್ತೀರಿ?"

ಹೊಲಿಗೆ ಮಷಿನ್ನಿನ ಸದ್ದು ನಿಂತಿತು.

"ತಪ್ಪು ಕೂಗಿದಾಂವ ನಾನ. ಬಾಜೂ ಲೈನಿನ ಹಸಿರು ನೋಡಿ ಕೂಗೀನಿ, ಸಾಹೇಬರ ಮುಂದೂ ಅದನ್ನ ಹೇಳೀನಿ," ಎಂದ ಯಮನೂರ. "ಆದ್ರ ನೀವೂ ಹಸಿರು ಅಂದ್ರಿ. ಅಣ್ಣಾರೂ ನೋಡ್ಯಾರ ಅಂತ ನಾ ಮತ್ತೊಮ್ಮಿ ನೋಡಲಿಲ್ಲ."

"ನನಗ ಕಾಣಲಿಲ್ಲಪಾ. ಗಿಡ ಅಡ್ಡ ಇತ್ತು."

ಯಮನೂರ ಚಹಾ ಕುಡಿಯದೆ ಎದ್ದು ಹೋದ. ಬಟ್ಟಲು ನನ್ನ ಚೌಕಟ್ಟಿನ ಮೇಲೆಯೇ ಆರಿತು.

ಸಂಜೆ ಕಸ್ತೂರಿ ನನ್ನ ಧೂಳು ಒರೆಸಲು ಬಂದಳು. ಬೇಲಿಯ ಪಕ್ಕ ಹೊಸ ಚೂರು ಕಂಡಿತು. ತಾನು ಅಂಟಿಸಿದ್ದಲ್ಲ ಎಂದು ದರ್ಜಿ ಕಣ್ಣಿಗೆ ಕೂಡಲೇ ಗೊತ್ತಾಯಿತು. ಸೂಜಿ ಚುಚ್ಚಿ ನೋಡಿದಳು. ಸೂಜಿ ಸರ್ರನೆ ಒಳಗಿಳಿಯಿತು. ಅವಳ ಉಸಿರು ನನ್ನ ಮೇಲೆ ಬಿಸಿಯಾಗಿ ಬಿತ್ತು. 'ಹೇಳು, ನೀನಾದರೂ ಬಾಯಿಬಿಟ್ಟು ಹೇಳು' ಎಂದು ನಾನು ಒಳಗೊಳಗೇ ಒದ್ದಾಡಿದೆ. ಅವಳು ಚೂರನ್ನು ಕಿತ್ತು ಕುಪ್ಪಸದೊಳಗೆ ಇಟ್ಟುಕೊಂಡಳು.

ಕಸ್ತೂರಿಗೆ ಗಂಡನ ಒಂದು ಗುಣ ಗೊತ್ತಿತ್ತು. ಎಂಜಿನ್ನಿನ ಕೂಗು ಆ ಮನೆಯೊಳಗೂ ಬಂದುಬಿಟ್ಟಿತ್ತು. ಅವಳು ಅಡುಗೆಮನೆಯಿಂದ "ಗ್ಯಾಸ್ ಬಂದ್!" ಎಂದರೆ ಅವನೂ "ಗ್ಯಾಸ್ ಬಂದ್!" ಎನ್ನುವನು. "ಬಾಗಲಾ ಹಾಕೇತಿ!" ಎಂದರೆ "ಬಾಗಲಾ ಹಾಕೇತಿ!" ಬಾಗಿಲು ಹಾರು ಹೊಡೆದಿರಲಿ, ಒಳಗೆ ನಾಯಿ ಬಂದು ಕೂತಿರಲಿ, ಅವನು ತಿರುಗಿ ನೋಡಿದ್ದಿಲ್ಲ. ಒಮ್ಮೆ ನಿಜವಾಗಿ ಒಂದು ನಾಯಿ ಬಂದು ರೊಟ್ಟಿ ಬುಟ್ಟಿಯನ್ನು ಅರ್ಧ ಖಾಲಿ ಮಾಡಿತ್ತಂತೆ. ಇಬ್ಬರೂ ಅದನ್ನು ನೆನೆದು ಎಷ್ಟೋ ಸಲ ನಕ್ಕಿದ್ದರು.

ಮರುದಿನ ಹೊತ್ತೇರಿದ ಮೇಲೆ ಕೊನೆಯ ತಾಲೀಮು. ದೀಪದ ಸ್ವಿಚ್ಚು ಕಸ್ತೂರಿಯ ಕೈಯಲ್ಲಿ, ಗಾಡಿಯ ವೇಗದ ಗುಂಡಿ ದ್ಯಾಮಣ್ಣನ ಕೈಯಲ್ಲಿ. ಅವಳು ಅಸಿಸ್ಟಂಟಿನಂತೆ ಕೂಗಬೇಕು. ಅವನು ವೈರು ಸಿಕ್ಕಿಸಲು ಬಗ್ಗಿದಾಗ ಅವಳ ಕೈ ನನ್ನ ಮೇಲೆ ಮೆಲ್ಲಗೆ ಬಂತು. ಏನೋ ಹಗುರಾಯಿತು. ಅವಳು ಏನು ಮಾಡಿದಳೆಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಗಾಡಿ ಹೊರಟಿತು. ಸ್ಟೇಷನ್ ದಾಟಿತು. ತಿರುವಿಗೆ ಬಂತು. ಕಸ್ತೂರಿ ಸ್ವಿಚ್ಚು ಒತ್ತಿದಳು, ಬಲ್ಬು ಕೆಂಪಗೆ ಹತ್ತಿತು.

"ಹಸಿರು!" ಎಂದು ಕೂಗಿದಳು.

"ಹಸಿರು!" ಎಂದ ದ್ಯಾಮಣ್ಣ, ಗುಂಡಿ ತಿರುವಿದ. ಗಾಡಿ ಕೆಂಪನ್ನು ದಾಟಿ ಓಡಿತು.

"ರೀ, ದೀಪ ನೋಡ್ರಿ."

ಅವನು ನೋಡಿದ. "ನೀ ಹಸಿರು ಅಂದೀಯಲ್ಲ ಮತ್ತ!"

ಮಾತು ಬಾಯಿಂದ ಬಿದ್ದದ್ದೇ ತಡ, ಅವನ ಮುಖ ಬಿಳಿಚಿತು. ಆದರೂ ಸೋಲಲಿಲ್ಲ. "ಗಿಡ ಅಡ್ಡ ಐತಿ, ನನಗ ಹೆಂಗ ಕಾಣಬೇಕು?" ಎಂದ.

"ಗಿಡ ಎಲ್ಲೈತ್ರಿ?" ಕಸ್ತೂರಿ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ ಗಿಡ ತೋರಿಸಿದಳು. "ನನ್ನ ಉಡ್ಯಾಗ ಐತಿ. ಗಾಡಿ ಬಿಡೂ ಮೊದಲ ಕಿತ್ತೀನಿ. ಗಿಡ ಇಲ್ಲಾಂತನೂ ನೀವು ನೋಡಲಿಲ್ಲ."

"ನೀ ನನ್ನ ಹೆಂಡ್ತೀನೋ, ಅವನ ವಕೀಲೋ?"

"ಹೆಂಡ್ತಿ ಅದೀನಿ, ಅದಕ್ಕ ಹೇಳಾಕತ್ತೀನಿ. ಆ ಗಾಡ್ಯಾಗ ಎಷ್ಟು ಮಂದಿ ಇದ್ರು? ನೀವೂ ಇದ್ರಿ. ನಾಳೆ ಮತ್ತ ಹಂಗ ಹತ್ತಿ ಹೋದ್ರ, ನೀವು ಬರೂತನಾ ನಾ ಈ ಮನ್ಯಾಗ ಹೆಂಗ ಕುಂದರಲಿ?"

ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ದ್ಯಾಮಣ್ಣ ಗಿಡವನ್ನು ಅವಳ ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ನಾಳೆ ವಿಚಾರಣೆಯಲ್ಲಿ ಏನು ಮಾಡುತ್ತಾನೆಂದು ಅವಳಿಗೂ ನನಗೂ ತಿಳಿಯಲಿಲ್ಲ.

ಮರುದಿನ ಆಟೋದಲ್ಲಿ ಅವನ ತೊಡೆಯ ಮೇಲೆ ಕೂತು ವಿಚಾರಣೆಗೆ ಹೋದೆ. ದೊಡ್ಡ ಮೇಜಿನ ಮೇಲೆ ಇಟ್ಟರು. ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಗೋಡೆಗೆ ಒರಗಿ ಯಮನೂರ ನಿಂತಿದ್ದ.

"ಗಿಡ ಎಲ್ಲಿತ್ತು ತೋರಿಸಿ," ಎಂದರು ಸಾಹೇಬರು.

ದ್ಯಾಮಣ್ಣ ಜೇಬಿನಿಂದ ಗಿಡ ತೆಗೆದ. ಅವನ ಕೈ ನನ್ನ ಮೇಲೆ ಬಂತು. ಮೊದಲು ಹಳಿಯ ಹತ್ತಿರದ ತೂತಿನ ಮೇಲೆ ನಿಂತಿತು. ಕಡ್ಡಿಯ ತುದಿ ಆ ತೂತಿನ ಅಂಚಿಗೆ ತಾಗಿತು, ಒಂದಿಷ್ಟು ಒಳಗೂ ಇಳಿಯಿತು. ಆಯಿತು, ಆ ಬಡಪಾಯಿಯ ಕಥೆ ಮುಗಿಯಿತು ಎಂದುಕೊಂಡೆ. ಯಮನೂರ ಕಣ್ಣು ಮುಚ್ಚಿಕೊಂಡ.

ಕಡ್ಡಿ ಮೇಲಕ್ಕೆ ಬಂತು. ಬೇಲಿಯ ಪಕ್ಕದ ತೂತಿಗೆ ಹೋಗಿ ಗಟ್ಟಿಯಾಗಿ ಕೂತಿತು.

"ಇಲ್ಲಿತ್ರಿ," ಎಂದ ದ್ಯಾಮಣ್ಣ. "ಸಿಗ್ನಲ್ ಕಾಣತಿತ್ತು. ನಾ ನೋಡಲಿಲ್ಲ. ಅಂವ ತಪ್ಪಿ ಕೂಗಿದ, ನಾ ನೋಡದ ಕೂಗಿದೆ. ನೋಡಿದ್ರ ಅವನ ತಪ್ಪು ಅಲ್ಲೇ ನಿಲ್ಲತಿತ್ತು."

ಯಮನೂರನಿಗೆ ಶಿಕ್ಷೆಯಾಯಿತು, ನೌಕರಿ ಉಳಿಯಿತು. ದ್ಯಾಮಣ್ಣನಿಗೆ ಗಾಡಿ ಮತ್ತೆ ಸಿಗಲಿಲ್ಲ. ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಮನೆಗೆ ಬಂದವನು ಎಂಜಿನ್ನಿನ ಸೀಟಿ ಕೇಳಿದಾಗಲೆಲ್ಲ ಊಟದ ತುತ್ತು ನಿಲ್ಲಿಸುತ್ತಿದ್ದ. ಆದರೆ ಕಸ್ತೂರಿ "ಗ್ಯಾಸ್ ಬಂದ್!" ಎಂದರೆ ಎದ್ದು ಹೋಗಿ, ಗುಂಡಿ ಮುಟ್ಟಿ ನೋಡಿ, ಆಮೇಲೆ ಕೂಗುತ್ತಿದ್ದ. ನಿವೃತ್ತನಾಗುವಾಗ ನನ್ನನ್ನು ಡ್ರೈವರುಗಳು ತಂಗುವ ಕೋಣೆಗೆ ಕೊಟ್ಟು ಹೋದ.

ಈಗ ನಾನು ಆ ಕೋಣೆಯ ಕಪಾಟಿನ ಪಕ್ಕದಲ್ಲಿದ್ದೇನೆ. ಎಂಜಿನ್ನು ಕೆಟ್ಟಿದೆ, ಬಲ್ಬು ಹೋಗಿದೆ, ಬ್ಲೌಸ್ ಪೀಸಿನ ಹುಲ್ಲನ್ನು ಇಲಿ ಎಳೆದಿದೆ. ಗಿಡ ಮಾತ್ರ ಬೇಲಿಯ ಪಕ್ಕ ನಿಂತಿದೆ. ಯಮನೂರ ಈಗ ಡ್ರೈವರು, ಅವನ ಮೀಸೆಯಲ್ಲೂ ಬಿಳಿ ಇಣುಕಿದೆ. ಹೊಸ ಅಸಿಸ್ಟಂಟ್ ಬಂದರೆ ಮೊದಲು ನನ್ನ ಹತ್ತಿರ ಕರೆತರುತ್ತಾನೆ, ಅವರ ಬೆರಳು ಹಿಡಿದು ಹಳಿಯ ಬದಿಯ ಖಾಲಿ ತೂತಿನ ಮೇಲೆ ಇಡಿಸುತ್ತಾನೆ.

"ಇದೇನ್ರಿ ಸರ, ಇಲ್ಲಿ ಏನಿತ್ತು?" ಎಂದು ಅವರು ಕೇಳುತ್ತಾರೆ.

"ಏನೂ ಇರಲಿಲ್ಲ," ಎನ್ನುತ್ತಾನೆ ಯಮನೂರ. "ಅದನ್ನ ಹೇಳಾಕ ನಮ್ಮ ಅಣ್ಣಾರು ಗಾಡಿ ಬಿಟ್ಟುಕೊಟ್ರು."