ಸೆರಗು ಅಂಟಿಸಿಕೊಂಡ ರಟ್ಟು

ನಾನು ಮೊದಲು ಸಾಬೂನು ತುಂಬಿ ಬಂದ ರಟ್ಟಿನ ಡಬ್ಬದ ಒಂದು ಮಗ್ಗುಲು. ವಿಜಯಪುರದ ಕಡೆ, ಕಣ್ಣು ಕಾಣದ ಮಕ್ಕಳ ಒಂದು ಶಾಲೆಯ ಅಡುಗೆಮನೆಯಲ್ಲಿ ಬಿದ್ದಿದ್ದೆ. ದೀಪಾವಳಿ ಸೂಟಿಗೆ ಮಕ್ಕಳೆಲ್ಲ ಊರಿಗೆ ಹೋದರು. ಕರೆದೊಯ್ಯಲು ಯಾರೂ ಬಾರದ ಕೆಲವರು ಉಳಿದರು. ಅವರ ಬೇಸರ ನೋಡಲಾರದೆ ಅಡುಗೆಯ ಬಸಲಿಂಗಮ್ಮ ಆಯಿ ನನ್ನನ್ನು ಅಂಗೈಯಗಲ ಕತ್ತರಿಸಿದಳು. ಅದೇ ನನ್ನ ಹುಟ್ಟು.

ಮುಟ್ಟಿ ಜೋಡಿ ಹುಡುಕುವ ಆಟ ಅದು. ಹಬ್ಬದ ಒಂದೊಂದು ಸಾಮಾನನ್ನು ಎರಡೆರಡು ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸುವುದು, ಎಲ್ಲವನ್ನೂ ಮಗುಚಿ ಇಡುವುದು, ಆಮೇಲೆ ತಿರುವಿ ಬೆರಳಾಡಿಸಿ ಒಂದೇ ತರದ ಎರಡನ್ನು ಹಿಡಿಯುವುದು. ಒಬ್ಬರು ಹತ್ತಿಯ ಬತ್ತಿ ಅಂಟಿಸಿದರು, ಒಬ್ಬರು ಕಬ್ಬಿನ ಸಿಪ್ಪೆ. ಹುಸೇನಿ ಎಂಬ ಹುಡುಗ ಲವಂಗ ಅಂಟಿಸಿ, ತಿರುವದೆಯೇ ಜೋಡಿ ಎತ್ತತೊಡಗಿದ.

"ಏ ಕಳ್ಳಾ, ಮೂಗಿಲೆ ಆಡಬ್ಯಾಡೋ!" ಎಂದಳು ಆಯಿ.

"ದೇವರು ಮೂಗೊಂದನ್ನಾದ್ರೂ ನೆಟ್ಟಗ ಕೊಟ್ಟಾನ ಆಯೀ, ಅದನ್ನೂ ಕಟ್ಟಿಡಂತೀಯಲ್ಲ!"

ಎಲ್ಲರೂ ನಕ್ಕರು. ಗೋಡೆಗೆ ಒರಗಿ ಕುಳಿತ ಶಾವಂತ್ರಿ ಮಾತ್ರ ನಗಲಿಲ್ಲ. ಅವಳ ಅವ್ವ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಳು. ಬಿಟ್ಟು ಹೋಗುವಾಗ ಮಗಳು ಸೆರಗು ಬಿಡದಿದ್ದಕ್ಕೆ ಅದರ ತುದಿಯನ್ನೇ ಹರಿದು ಕೊಟ್ಟಿದ್ದಳು. ಅದರಲ್ಲಿ ಅವ್ವನ ವಾಸನೆ ಇತ್ತು. ತಲೆಯೆಣ್ಣೆ, ಒಲೆಯ ಹೊಗೆ, ಬೆವರು. ಹುಡುಗಿ ಅದನ್ನು ಮುಖದ ಮೇಲೆ ಹಾಕಿಕೊಂಡೇ ಮಲಗುತ್ತಿದ್ದಳು.

"ನೀ ಏನು ಹಚ್ತೀಯವ್ವಾ?" ಆಯಿ ಕೇಳಿದಳು. ಶಾವಂತ್ರಿ ಆ ತುಂಡನ್ನು ಒಮ್ಮೆ ಮೂಸಿ ಚಾಚಿದಳು.

"ಜೋಡಿ ಆಗಬೇಕಂದ್ರ ಇದನ್ನ ಎರಡು ಮಾಡಬೇಕಾಗ್ತದ. ಮಾಡ್ಲೇನು?"

"ಮಾಡು. ಆಮ್ಯಾಗ ಎಲ್ಲಾರೂ ನನ್ನ ಕೂಡ ಆಡ್ತಾರಲ್ಲ?"

ಅರ್ಧ ನನ್ನ ಮೈಗೆ ಬಂತು, ಅರ್ಧ ಇನ್ನೊಂದು ರಟ್ಟಿಗೆ.

ಸೂಟಿ ಮುಗಿಯುವವರೆಗೂ ಆಡಿದರು. ಶಾವಂತ್ರಿ ನಕ್ಕಳು, ಜಗಳಾಡಿದಳು, ಹುಸೇನಿಯನ್ನು ಸೋಲಿಸಿದಳು. ಒಂದು ಸಂಜೆ ನನ್ನನ್ನು ಮೂಗಿಗೆ ಹಿಡಿದವಳು ಹಾಗೇ ಕುಳಿತುಬಿಟ್ಟಳು. ನನ್ನ ಮೇಲೆ ಎಲ್ಲರ ಕೈಯ ವಾಸನೆ ಇತ್ತು, ಅಂಟಿನ ವಾಸನೆ ಇತ್ತು. ಅವ್ವನದು ಇರಲಿಲ್ಲ.

ಬೇಸಿಗೆಯಲ್ಲಿ ಅವ್ವ ಬಂದಳು. ಶಾವಂತ್ರಿ ಅವಳತ್ತ ಓಡಲಿಲ್ಲ. ಮೊದಲು ಆ ಹೆಂಗಸಿನ ಕೈ ಮೂಸಿದಳು. ಬರೀ ಸಿಮೆಂಟು. ಸೆರಗು ಹಿಡಿದಳು, ಆಮೇಲೆ ನನ್ನ ಮೇಲೆ ಬೆರಳಿಟ್ಟಳು.

"ಜೋಡಿ ಅಲ್ಲ," ಎಂದಳು.

"ಆ ಸೀರಿ ಹರದು ಹೋತ ನನ್ನವ್ವಾ. ಇದು ಬ್ಯಾರೇದು..." ಅವ್ವನಿಗೆ ಅಳು ಬಂತು. ಆ ದನಿ ಕೇಳಿದ್ದೇ ಹುಡುಗಿ ಅವಳ ಕೊರಳಿಗೆ ಬಿದ್ದಳು.

ಗೋವಾದಲ್ಲೂ ಇಂಥದೇ ಶಾಲೆ ಇದೆಯಂತೆ. ಹೊರಡುವಾಗ ಶಾವಂತ್ರಿ ನನ್ನ ಜೋಡಿಯನ್ನು ಒಯ್ದಳು, ನನ್ನನ್ನು ಆಯಿಯ ಕೈಗಿಟ್ಟಳು. "ಇದು ಇಲ್ಲೇ ಇರ್ಲಿ ಆಯೀ, ಬರ್ತೀನಿ."

ಬರಲಿಲ್ಲ. ಬತ್ತಿಯ ರಟ್ಟುಗಳನ್ನು ಇಲಿ ತಿಂದವು, ಲವಂಗ ಉದುರಿತು. ಈಗ ತಗಡಿನ ಡಬ್ಬಿಯ ತಳದಲ್ಲಿ ನಾನೊಬ್ಬನೇ. ಸೂಟಿಯಲ್ಲಿ ಉಳಿದುಹೋದ ಯಾವುದೋ ಹೊಸ ಮಗುವಿನ ಕೈ ಒಮ್ಮೊಮ್ಮೆ ಒಳಗೆ ತಡಕಾಡುತ್ತದೆ. ಬೆರಳು ನನ್ನ ಬಟ್ಟೆಯ ಮೇಲೆ ನಿಲ್ಲುತ್ತದೆ.

"ಇದು ನಮ್ಮವ್ವನ ಸೀರಿ," ಅನ್ನುತ್ತದೆ ಮಗು.

ನಾನು ಅಲ್ಲ ಅನ್ನುವುದಿಲ್ಲ.